ಎಂಸಿಎಫ್ ಡಿಶ್, ಮಂಗ ಓಡಿಸುವ ಟಾರ್ಚ್, 30 ಕಿಲೋವ್ಯಾಟ್ ಲೇಸರ್: ಅರೇಹಳ್ಳಿಯ ಬೆಳೆಗಾರರ ಪ್ರಶ್ನೆಗೆ ಉತ್ತರ

ಬೇಲೂರು ತಾಲೂಕು ಅರೇಹಳ್ಳಿ ಹೋಬಳಿಯ ಕಾಫಿ ಬೆಳೆಗಾರರೊಬ್ಬರು ಬರೆದ ಪತ್ರ ಇದು:

"ನಮಸ್ಕಾರ. ನಮ್ಮದು ಕಾಫಿ, ಮೆಣಸು, ಸ್ವಲ್ಪ ಅಡಿಕೆ. ಎರಡು ವರ್ಷದಿಂದ 10 ಲೀಟರ್ ಟ್ಯಾಂಕಿನ ಡ್ರೋನ್ ಇಟ್ಟುಕೊಂಡು ಹಾಸನ ಸುತ್ತಮುತ್ತ ಆಲೂಗಡ್ಡೆ, ಜೋಳಕ್ಕೆ ಬಾಡಿಗೆಗೆ ಔಷಧಿ ಹೊಡೆಯುತ್ತೇನೆ. ಅಕ್ಕನ ಮನೆ ಹಾಸನದ ಸಾಲಗಾಮೆ ರಸ್ತೆಯಲ್ಲಿ, ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಹತ್ತಿರ. ಕರ್ನೂಲಿನಲ್ಲಿ ಡಿಆರ್‌ಡಿಒ ಲೇಸರ್‌ನಿಂದ ಡ್ರೋನ್ ಸುಟ್ಟಿದ್ದು ಟಿವಿಯಲ್ಲಿ ನೋಡಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಏನೇನೋ ಬರುತ್ತಿದೆ. ಎಂಸಿಎಫ್ ಡಿಶ್‌ಗಳೂ ಮೈಕ್ರೋವೇವ್ ಅಸ್ತ್ರವೇ, ಅದರಿಂದಲೇ ಕಾಫಿ ಕಾಯಿ ಉದುರುತ್ತದೆ ಅನ್ನುತ್ತಾರೆ. ಯುದ್ಧ ಬಂದರೆ ಶತ್ರುಗಳು ಲೇಸರ್ ಬಿಟ್ಟು ನಮ್ಮ ಉಪಗ್ರಹ ಸುಡುತ್ತಾರೆ, ಹಾಸನಕ್ಕೇ ಮೊದಲ ಪೆಟ್ಟು ಅನ್ನುತ್ತಾರೆ. ನಮ್ಮ ಭಾವನವರು, ಇನ್ನು ಕ್ಷಿಪಣಿಯೇ ಬೇಡ, ಎರಡು ಲೀಟರ್ ಪೆಟ್ರೋಲಿನಲ್ಲಿ ಎಲ್ಲ ಮುಗಿಯುತ್ತದೆ ಎನ್ನುತ್ತಾರೆ. ನನ್ನ ಡ್ರೋನನ್ನೂ ಯಾರಾದರೂ ತಪ್ಪಾಗಿ ಹೊಡೆದುಹಾಕಿದರೆ ಗತಿ ಏನು? ಮಗಳು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆಯ ವರ್ಷ, ಈ ಕ್ಷೇತ್ರಕ್ಕೇ ಹೋಗುತ್ತೇನೆ ಅನ್ನುತ್ತಾಳೆ. ಇಂಥ ಅಸ್ತ್ರಕ್ಕೆ ಕಾನೂನು ಅಂತ ಏನಾದರೂ ಇದೆಯೆ? ಲೇಸರ್ ಅಂದರೆ ನಮಗೆ ಗೊತ್ತಿರುವುದು ಮಂಗ ಓಡಿಸಲು ಆನ್‌ಲೈನ್‌ನಲ್ಲಿ ತರಿಸಿದ ಹಸಿರು ಲೇಸರ್ ಟಾರ್ಚ್ ಮಾತ್ರ. ಆಳುಮಕ್ಕಳ ಕೈಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ."

ನೀವು ಕೊನೆಯಲ್ಲಿ ಬರೆದಿರುವುದರಿಂದಲೇ ಶುರು ಮಾಡುತ್ತೇನೆ. ನಿಮ್ಮ ಇಡೀ ಪತ್ರದಲ್ಲಿ ನಿಜಕ್ಕೂ ತುರ್ತಾದ ಅಪಾಯ ಆ ಟಾರ್ಚ್. ಇವತ್ತೇ ಅದರ ಬ್ಯಾಟರಿ ತೆಗೆಸಿ ಬೀಗದೊಳಗೆ ಇಡಿಸಿ.

ಅಗ್ಗದ ಹಸಿರು ಲೇಸರ್ ಹೆಚ್ಚಾಗಿ ನೇರವಾಗಿ ಹಸಿರು ಬೆಳಕು ಹುಟ್ಟಿಸುವುದಿಲ್ಲ. ಒಳಗಿನ ಡಯೋಡ್ 808 ನ್ಯಾನೊಮೀಟರಿನ ಬೆಳಕು ಕೊಡುತ್ತದೆ. ಒಂದು ಹರಳು ಅದನ್ನು 1,064 ನ್ಯಾನೊಮೀಟರಿಗೆ ಬದಲಿಸುತ್ತದೆ, ಇನ್ನೊಂದು ಹರಳು ಅದನ್ನು ಅರ್ಧಕ್ಕೆ ಇಳಿಸಿ 532ರ ಹಸಿರು ಮಾಡುತ್ತದೆ. ಮೊದಲ ಎರಡೂ ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಅವು ಹೊರಗೆ ಬಾರದಂತೆ ಮುಂದೆ ಒಂದು ಫಿಲ್ಟರ್ ಇರಬೇಕು. ದುಡ್ಡು ಉಳಿಸಲು ಕೈಬಿಡುವುದು ಅದನ್ನೇ. ಅಮೆರಿಕದ ಅಳತೆ-ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2010ರಲ್ಲಿ ಇಂಥದೊಂದನ್ನು ಅಳೆದಾಗ, 10 ಮಿಲಿವ್ಯಾಟ್ ಎಂದು ಚೀಟಿ ಅಂಟಿಸಿದ್ದ ಪಾಯಿಂಟರ್ ಸುಮಾರು 20 ಮಿಲಿವ್ಯಾಟ್ ಅವಗೆಂಪನ್ನು ಉಗುಳುತ್ತಿತ್ತು. ಮಲೆನಾಡಿನ ಡಿಸೆಂಬರ್ ಚಳಿಯಲ್ಲಿ ಡಯೋಡಿನ ಬಣ್ಣ ಹರಳಿಗೆ ಹೊಂದದೆ ಹೋಗಿ ಹಸಿರು ಮಂಕಾಗುತ್ತದೆ. ಆಗ ಆಳು ಬ್ಯಾಟರಿ ಮುಗಿಯಿತು ಅಂದುಕೊಂಡು ಮುಖಕ್ಕೆ ಹಿಡಿದು ನೋಡುತ್ತಾನೆ. ಹಸಿರು ಕಡಿಮೆಯಾಯಿತೆಂದು ಅವಗೆಂಪು ಕಡಿಮೆಯಾಗಿರುವುದಿಲ್ಲ. ಪ್ರಖರ ಬೆಳಕು ಬಿದ್ದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ತಾನಾಗಿ ಮುಚ್ಚುತ್ತದೆ. ಕಾಣದ ಬೆಳಕಿಗೆ ಮುಚ್ಚುವುದಿಲ್ಲ. ಕಣ್ಣಿನ ಮಸೂರ ಅದನ್ನು ರೆಟಿನಾದ ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಒಟ್ಟುಗೂಡಿಸಿ ಸುಡುತ್ತದೆ. ನೋವಾಗುವುದಿಲ್ಲ, ಆದ್ದರಿಂದ ಗೊತ್ತೂ ಆಗುವುದಿಲ್ಲ.

ಟಾರ್ಚ್ ಬಳಸಿದ ಎಲ್ಲರಿಗೂ ಒಂದು ಸಣ್ಣ ಪರೀಕ್ಷೆ ಮಾಡಿಸಿ. ಚೌಕುಳಿ ಗೆರೆಯ ಲೆಕ್ಕದ ಪುಸ್ತಕದ ಹಾಳೆಯ ನಡುವೆ ಒಂದು ಚುಕ್ಕೆ ಇಡಿ. ಓದುವ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಚುಕ್ಕೆಯನ್ನೇ ನೋಡಲಿ. ಸುತ್ತಲ ಗೆರೆ ಎಲ್ಲಾದರೂ ಸೊಟ್ಟ ಕಂಡರೆ, ನಡುವೆ ಮಸುಕು ಅಥವಾ ಕಪ್ಪು ಕಂಡರೆ, ತಡಮಾಡದೆ ರೆಟಿನಾ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಸುಟ್ಟ ಭಾಗ ಮತ್ತೆ ಹುಟ್ಟುವುದಿಲ್ಲ, ಆದರೆ ಊತದಿಂದ ಆದ ತೊಂದರೆಯಾದರೆ ಸ್ವಲ್ಪ ಮಟ್ಟಿಗೆ ಇಳಿಯಬಹುದು. ಇನ್ನೊಂದು ಮಾತು: ರಾತ್ರಿ ಆಕಾಶದ ಕಡೆ ಅದನ್ನು ಬಿಡಲೇಬಾರದು. ನಿಮ್ಮ ಮೇಲೆ ಹಾದುಹೋಗುವ ವಿಮಾನದ ಪೈಲಟ್‌ಗೆ ಆ ಚುಕ್ಕೆ ಕಾಕ್‌ಪಿಟ್ ಗಾಜಿನ ತುಂಬ ಹರಡಿದ ಹಸಿರು ಬೆಳಕಾಗಿ ಕಾಣುತ್ತದೆ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣವಿದೆ. ಈಗಿನ ಬಹುಪಾಲು ಶಸ್ತ್ರ ಲೇಸರ್‌ಗಳು ಫೈಬರ್ ಲೇಸರ್‌ಗಳು. ಅವುಗಳ ಬೆಳಕೂ ಸುಮಾರು 1,070 ನ್ಯಾನೊಮೀಟರಿನದು, ನಿಮ್ಮ ಟಾರ್ಚಿನ ಹೊಟ್ಟೆಯಲ್ಲಿ ಹುಟ್ಟುವ ಕಾಣದ ಬೆಳಕಿನ ದಾಯಾದಿ. ಈ ಅಸ್ತ್ರಗಳ ಬಗ್ಗೆ ಕೇಳಬೇಕಾದ ದೊಡ್ಡ ಪ್ರಶ್ನೆಯೂ ಕಣ್ಣಿನದೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಈಗ ಅಕ್ಕನ ಮನೆಯ ವಿಷಯ. ಎಂಸಿಎಫ್ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ, ಇನ್ನೊಂದು ಕೇಂದ್ರ ಭೋಪಾಲದಲ್ಲಿದೆ. ಆ ಡಿಶ್‌ಗಳು ಮೈಕ್ರೋವೇವ್ ಕಳಿಸುವುದು ನಿಜ. ಆದರೆ ಎಲ್ಲಿಗೆ? ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ನೇರ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತವೆ. ಹಾಸನ 13 ಡಿಗ್ರಿ ಉತ್ತರದಲ್ಲಿರುವುದರಿಂದ ಡಿಶ್ ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ಹೆಚ್ಚಿನ ಉಪಗ್ರಹಗಳಿರುವ ಜಾಗಗಳಿಗೆ ನೆಲದಿಂದ ಸುಮಾರು 60ರಿಂದ 75 ಡಿಗ್ರಿ ಮೇಲಕ್ಕೆ ನೋಡಬೇಕು. 11 ಮೀಟರ್ ಅಗಲದ ಡಿಶ್ 6 ಗಿಗಾಹರ್ಟ್ಸ್‌ನಲ್ಲಿ ಕಳಿಸುವ ಕಿರಣ ಅರ್ಧ ಡಿಗ್ರಿಗಿಂತಲೂ ಕಿರಿದು. 100 ಮೀಟರ್ ಆಚೆ ಮನೆಯಿದೆ ಎಂದಿಟ್ಟುಕೊಂಡರೂ ಕಿರಣ ಅದರ ಮೇಲೆ 170 ಮೀಟರಿಗಿಂತ ಎತ್ತರದಲ್ಲಿ ದಾಟಿ ಹೋಗುತ್ತದೆ. ಪಕ್ಕಕ್ಕೆ ಸೋರುವುದು ಅದರ ಸಾವಿರಾರು ಪಾಲಿನಲ್ಲಿ ಒಂದು ಪಾಲು.

ಕಿರಣದ ಒಳಗೇ ಎಷ್ಟಿರುತ್ತದೆ? 3 ಕಿಲೋವ್ಯಾಟನ್ನು 11 ಮೀಟರ್ ಡಿಶ್ಶಿನ ಮುಖಕ್ಕೆ ಹರಡಿದರೆ ಚದರ ಮೀಟರಿಗೆ ಸುಮಾರು 30 ವ್ಯಾಟ್. ಜನಸಾಮಾನ್ಯರಿಗೆ ಅಂತರರಾಷ್ಟ್ರೀಯ ಮಿತಿ 10 ವ್ಯಾಟ್. ಅಂದರೆ ಪೂರ್ತಿ ಶಕ್ತಿಯಲ್ಲಿ ಕಳಿಸುತ್ತಿರುವ ಡಿಶ್ಶಿನ ಮುಂದೆ ಸಿಬ್ಬಂದಿ ನಿಲ್ಲುವಂತಿಲ್ಲ, ಆ ನಿಯಮ ಸರಿಯೇ. ಸಾಲಗಾಮೆ ರಸ್ತೆಯ ಮನೆಗೆ ಅದು ಸಂಬಂಧಿಸಿದ್ದಲ್ಲ. ಅರೇಹಳ್ಳಿಯ ಕಾಫಿ ಕಾಯಿಗಂತೂ ಅಲ್ಲವೇ ಅಲ್ಲ. ಮಳೆಗಾಲದಲ್ಲಿ ಬೇರಿನ ಬುಡದಲ್ಲಿ ನೀರು ನಿಂತು, ಕೊಳೆರೋಗ ತಗುಲಿ ಕಾಯಿ ಉದುರುವುದು ನಿಮಗೇ ಗೊತ್ತಿರುವ ಸಂಗತಿ. ಬಸಿಗಾಲುವೆ ಬಿಡಿಸುವ ಹೊತ್ತಿನಲ್ಲಿ ಡಿಶ್ಶನ್ನು ದೂರುತ್ತ ಕೂತರೆ ನಷ್ಟ ತೋಟಕ್ಕೆ. ಅನುಮಾನ ಉಳಿದರೆ ಉದುರಿದ ಗೊಂಚಲನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ತೋರಿಸಿ.

ಶತ್ರುಗಳು ಲೇಸರ್ ಬಿಟ್ಟು ಆ ಉಪಗ್ರಹಗಳನ್ನು ಸುಡಬಲ್ಲರೆ? ಇದಕ್ಕೆ ನಂಬಿಕೆ ಬೇಡ, ಗುಣಾಕಾರ ಸಾಕು. ಎಷ್ಟೇ ಒಳ್ಳೆಯ ಲೇಸರ್ ಆದರೂ ದೂರ ಹೋದಂತೆ ಹರಡುತ್ತದೆ. ಬೆಳಕಿನ ಸ್ವಭಾವವೇ ಅದು, ಎಂಜಿನಿಯರರ ಕೊರತೆಯಲ್ಲ. 30 ಸೆಂ.ಮೀ. ಅಗಲದ ದೂರದರ್ಶಕದಿಂದ ಹೊರಟ 1,070 ನ್ಯಾನೊಮೀಟರ್ ಕಿರಣ 3 ಕಿ.ಮೀ. ದೂರದಲ್ಲಿ ಎರಡೂವರೆ ಸೆಂ.ಮೀ. ಚುಕ್ಕೆಯಾಗಬಹುದು. ಅದೇ ಕಿರಣ 36,000 ಕಿ.ಮೀ. ಹೋಗುವಷ್ಟರಲ್ಲಿ 300 ಮೀಟರ್ ಅಗಲದ ವೃತ್ತವಾಗಿರುತ್ತದೆ. 30 ಕಿಲೋವ್ಯಾಟ್ ಅಷ್ಟಗಲಕ್ಕೆ ಹಂಚಿಹೋದರೆ ಚದರ ಮೀಟರಿಗೆ ಅರ್ಧ ವ್ಯಾಟೂ ಇಲ್ಲ. ಅಲ್ಲಿ ಬಿಸಿಲೇ 1,361 ವ್ಯಾಟ್ ಬೀಳುತ್ತಿರುತ್ತದೆ. ದಿನವೂ ಬಿಸಿಲು ಕಾಯುವ ಉಪಗ್ರಹಕ್ಕೆ ಈ ಲೇಸರ್ ಬಿಸಿಲಿನ ಮೂರು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ.

500 ಕಿ.ಮೀ. ಎತ್ತರದ ಕೆಳಕಕ್ಷೆಯ ಚಿತ್ರ ತೆಗೆಯುವ ಉಪಗ್ರಹದ ಮಾತು ಬೇರೆ. ಅಲ್ಲಿ ಅದೇ ಕಿರಣ ನಾಲ್ಕು ಮೀಟರಿನ ವೃತ್ತ, ಚದರ ಮೀಟರಿಗೆ 2,000 ವ್ಯಾಟ್. ಉಪಗ್ರಹದ ಮೈ ಸುಡುವುದಿಲ್ಲ. ಆದರೆ ಅದರ ಕ್ಯಾಮೆರಾ ಕೆಳಗೆ ನೋಡುತ್ತಿದ್ದರೆ ಅದರದೇ ಮಸೂರ ಆ ಬೆಳಕನ್ನು ಸೆನ್ಸರ್ ಮೇಲೆ ಒಟ್ಟುಗೂಡಿಸುತ್ತದೆ, ನಿಮ್ಮ ಆಳಿನ ಕಣ್ಣಲ್ಲಿ ಆಗುವಂತೆಯೇ. ಅಮೆರಿಕ 1997ರ ಅಕ್ಟೋಬರಿನಲ್ಲಿ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಿಂದ ತನ್ನದೇ ಎಂಎಸ್‌ಟಿಐ-3 ಉಪಗ್ರಹದ ಮೇಲೆ ಲೇಸರ್ ಹಾಯಿಸಿ ಇದನ್ನು ಪರೀಕ್ಷಿಸಿತ್ತು. ನಮ್ಮ 2019ರ ಮಾರ್ಚ್ 27ರ ಮಿಷನ್ ಶಕ್ತಿಯಲ್ಲಿ ಉಪಗ್ರಹವನ್ನು ಹೊಡೆದದ್ದು ಲೇಸರ್ ಅಲ್ಲ, ನೇರ ಡಿಕ್ಕಿ ಹೊಡೆವ ಕ್ಷಿಪಣಿ. ಆದ್ದರಿಂದ ಆತಂಕ ಪಡಬೇಕಾದದ್ದು ಭೂವೀಕ್ಷಣೆಯ ಕಣ್ಣುಗಳ ಬಗ್ಗೆ. ಎಂಸಿಎಫ್ ಕಾಯುವ ಭೂಸ್ಥಿರ ಉಪಗ್ರಹಗಳನ್ನು ನೆಲದ ಲೇಸರ್ ಸುಡುತ್ತದೆ ಎನ್ನುವುದು ಸುಳ್ಳು.

ಭಾವನವರ ಮಾತಿಗೆ ಬರೋಣ. ಅದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಬಿಡಿಸಿ ನೋಡಬೇಕು.

2025ರ ಏಪ್ರಿಲ್ 13ರಂದು ಕರ್ನೂಲಿನ ತೆರೆದ ಪರೀಕ್ಷಾ ವಲಯದಲ್ಲಿ ಡಿಆರ್‌ಡಿಒ ಪರೀಕ್ಷಿಸಿದ್ದು ಮಾರ್ಕ್-2ಎ ಎಂಬ 30 ಕಿಲೋವ್ಯಾಟ್ ಲೇಸರ್, ಹೈದರಾಬಾದಿನಲ್ಲಿರುವ ಅದರದೇ ಚೆಸ್ (CHESS) ಪ್ರಯೋಗಾಲಯದ ಕೆಲಸ. ಬೆಂಗಳೂರಿನ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಕೂಡ ಕೈಜೋಡಿಸಿತ್ತು. ರೆಕ್ಕೆಯ ಡ್ರೋನ್, ಗುಂಪು ಡ್ರೋನ್‌ಗಳನ್ನು ಅದು ಕೆಡವಿತು, ಕಣ್ಗಾವಲು ಸೆನ್ಸರ್ ಮತ್ತು ಆಂಟೆನಾಗಳನ್ನು ಹಾಳುಮಾಡಿತು. ಅದೇ ವರ್ಷ ಆಗಸ್ಟ್ 23ರಂದು ಒಡಿಶಾ ಕರಾವಳಿಯಲ್ಲಿ ಎರಡು ಬಗೆಯ ಕ್ಷಿಪಣಿಗಳ ಜೊತೆಗೆ ಲೇಸರನ್ನೂ ಒಂದೇ ನಿಯಂತ್ರಣ ಕೇಂದ್ರದಡಿ ಕೂಡಿಸಿ ಪರೀಕ್ಷಿಸಿದರು. ಈ ಎರಡನೆಯದು ನನಗೆ ಹೆಚ್ಚು ಮುಖ್ಯ, ಏಕೆಂದರೆ ಲೇಸರಿನ ಸರಿಯಾದ ಜಾಗ ಅದು: ಕ್ಷಿಪಣಿಯ ಪಕ್ಕ. ಅದರ ಬದಲಿಗೆ ಅಲ್ಲ.

ಲೇಸರ್ ಗುಂಡಿನಂತೆ ಬಡಿಯುವುದಿಲ್ಲ, ಬೇಯಿಸುತ್ತದೆ. ಗಾಳಿಯ ಅಲುಗಾಟ ಸೇರಿ 3 ಕಿ.ಮೀ. ದೂರದಲ್ಲಿ ಚುಕ್ಕೆ 5 ಸೆಂ.ಮೀ. ಆಗುತ್ತದೆ ಅಂದುಕೊಳ್ಳಿ. ಚದರ ಸೆಂ.ಮೀ.ಗೆ ಒಂದೂವರೆ ಕಿಲೋವ್ಯಾಟ್ ಬೀಳುತ್ತದೆ. 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಕರಗಲು ಚದರ ಸೆಂ.ಮೀ.ಗೆ ಸುಮಾರು 525 ಜೂಲ್ ಬೇಕು. ಆದರೆ ಹೊಳೆಯುವ ಅಲ್ಯೂಮಿನಿಯಂ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಹೀರುತ್ತದೆ, ಉಳಿದದ್ದನ್ನು ಹಿಂದಕ್ಕೆ ಎರಚುತ್ತದೆ. ಲೆಕ್ಕ ಹಾಕಿದರೆ ಎರಡರಿಂದ ನಾಲ್ಕು ಸೆಕೆಂಡು ಅದೇ ಜಾಗದ ಮೇಲೆ ಚುಕ್ಕೆ ಕದಲದೆ ನಿಲ್ಲಬೇಕು. ಅಷ್ಟು ಹೊತ್ತಿನಲ್ಲಿ ಡ್ರೋನ್ ನೂರು ಮೀಟರ್ ಸರಿದಿರುತ್ತದೆ. ಆ ಓಟದ ಮೇಲೆ ಕೆಲವೇ ಸೆಂ.ಮೀ. ತಪ್ಪಿಲ್ಲದೆ ಬೆನ್ನುಹತ್ತುವುದೇ ಈ ಅಸ್ತ್ರದ ನಿಜವಾದ ಕಷ್ಟ, ಲೇಸರ್ ಹುಟ್ಟಿಸುವುದಲ್ಲ. ಪ್ಲಾಸ್ಟಿಕ್ ಮೈ, ಬ್ಯಾಟರಿ, ಕ್ಯಾಮೆರಾ ಆದರೆ ಬೇಗ ಹೋಗುತ್ತವೆ. ದಪ್ಪ ಉಕ್ಕಿನ ಶೆಲ್ ಆದರೆ ಸಮಯ ಬಹಳ ಬೇಕು. ವಾತಾವರಣದೊಳಗೆ ಕೆಂಪಗೆ ಕಾದು ಬೀಳಲೆಂದೇ ತಯಾರಾದ ಬ್ಯಾಲಿಸ್ಟಿಕ್ ಕ್ಷಿಪಣಿಯ ತಲೆಗೆ 30 ಕಿಲೋವ್ಯಾಟ್ ಏನೂ ಮಾಡದು.

ಕನ್ನಡಿ ಅಂಟಿಸಿದರೆ ಡ್ರೋನ್ ಬಚಾವಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಹಾರುವ ಯಂತ್ರದ ಕನ್ನಡಿಗೆ ಧೂಳು, ಎಣ್ಣೆ ಕೂತೇ ಕೂರುತ್ತದೆ. ಒಂದು ಕಣ ಕಾದರೆ ಅದರ ಸುತ್ತಲ ಲೇಪ ಕಪ್ಪಾಗುತ್ತದೆ, ಕಪ್ಪಾದದ್ದು ಇನ್ನಷ್ಟು ಹೀರುತ್ತದೆ. ಕೆಲವು ಸೆಕೆಂಡು ಹೆಚ್ಚು ಸಿಗಬಹುದು ಅಷ್ಟೆ. ಇದೇ ಕಾಯಿಲೆ ಲೇಸರಿನ ಸ್ವಂತ ಗಾಜಿಗೂ ಇದೆ. ಹೊರಗಿನ ಕಿಟಕಿಯ ಮೇಲೆ ಒಂದು ಧೂಳಿನ ಕಣ ಉಳಿದರೆ ಕಿರಣ ಅಲ್ಲಿಯೇ ಗಾಜನ್ನು ಸುಡುತ್ತದೆ.

ವೇಳೆಯ ಲೆಕ್ಕವನ್ನೂ ನೋಡಿ. ಗಂಟೆಗೆ 100 ಕಿ.ಮೀ. ವೇಗದ ಡ್ರೋನ್ 3 ಕಿ.ಮೀ. ದಾಟಲು 108 ಸೆಕೆಂಡು. ಒಂದಕ್ಕೆ ಐದು ಸೆಕೆಂಡಿನಂತೆ, ಎಲ್ಲ ಸರಿಹೋದರೆ ಒಂದು ಲೇಸರ್ ಇಪ್ಪತ್ತನ್ನು ಕೆಡವಬಹುದು. ಐವತ್ತು ಒಟ್ಟಿಗೆ ಬಂದರೆ ಮೂವತ್ತು ಉಳಿದವು. ಸೆಕೆಂಡಿಗೆ 300 ಮೀಟರಿನ ಕ್ಷಿಪಣಿಯಾದರೆ ನಿಮ್ಮ ಕೈಯಲ್ಲಿರುವುದು ಹತ್ತೇ ಸೆಕೆಂಡು. 2025ರ ಮೇ 8ರ ರಾತ್ರಿ ಪಾಕಿಸ್ತಾನ ಗಡಿಯುದ್ದಕ್ಕೂ 36 ಕಡೆ 300ರಿಂದ 400 ಡ್ರೋನ್ ಬಿಟ್ಟಿತು ಎಂದು ನಮ್ಮ ಸರ್ಕಾರ ಹೇಳಿತು. ಅವನ್ನು ಎದುರಿಸುವುದರಲ್ಲಿ ಎಲ್-70, ಝು-23, ಶಿಲ್ಕಾದಂಥ ಹಳೆಯ ಕಾಲದ ತೋಪುಗಳು ದೊಡ್ಡ ಪಾಲು ವಹಿಸಿದವು.

ಮಂಜಿನ ಮಾತು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಾರ್ಮಾಡಿ ಘಾಟಿಯಲ್ಲಿ ಮುಂದಿನ 200 ಮೀಟರ್ ಮಾತ್ರ ಕಾಣುವ ಮಂಜಿದೆ ಅನ್ನಿ. ಅದರಲ್ಲಿ 30 ಕಿಲೋವ್ಯಾಟ್ ಕಿರಣ ಒಂದು ಕಿ.ಮೀ. ದಾಟುವಷ್ಟರಲ್ಲಿ ನೇರವಾಗಿ ಉಳಿಯುವುದು ಸುಮಾರು 0.1 ಮಿಲಿವ್ಯಾಟ್. ನಿಮ್ಮ ಮಂಗನ ಟಾರ್ಚಿಗಿಂತ ಕಡಿಮೆ. ಮಂಜಿನ ಹನಿ ಬೆಳಕಿನ ಅಲೆಗಿಂತ ದೊಡ್ಡದಾದ್ದರಿಂದ ಅವಗೆಂಪಿಗೂ ವಿನಾಯಿತಿಯಿಲ್ಲ. ತಿಳಿಯಾದ ಹವೆಯಲ್ಲಿ ಅದೇ ಕಿರಣದ ಅರ್ಧಕ್ಕೂ ಹೆಚ್ಚು 3 ಕಿ.ಮೀ. ತಲುಪುತ್ತದೆ. ಬಯಲುಸೀಮೆಯ ಬೇಸಿಗೆ ಮಧ್ಯಾಹ್ನದಲ್ಲಿ ಇನ್ನೊಂದು ತೊಡಕು: ಕಾದ ನೆಲದ ಮೇಲಿನ ಗಾಳಿ ಕುಣಿದು ಚುಕ್ಕೆಯನ್ನು ಚೂರುಚೂರು ಮಾಡುತ್ತದೆ. ಶಕ್ತಿ ಹೆಚ್ಚಿಸಿದರೆ ಕಿರಣವೇ ದಾರಿಯ ಗಾಳಿಯನ್ನು ಕಾಯಿಸಿ ತನ್ನನ್ನು ತಾನು ಹರಡಿಕೊಳ್ಳುತ್ತದೆ. ಹಾಗಾಗಿ ಕಿಲೋವ್ಯಾಟ್ ಏರಿಸುತ್ತ ಹೋದರೆ ಎಲ್ಲ ಸಲೀಸು ಎನ್ನುವಂತಿಲ್ಲ.

ಪೆಟ್ರೋಲಿನ ಲೆಕ್ಕ. ಹತ್ತು ಸೆಕೆಂಡು ಹಾಯಿಸಿದರೆ ಹೊರಬರುವ ಬೆಳಕು 3 ಲಕ್ಷ ಜೂಲ್. ಲೇಸರಿನ ದಕ್ಷತೆ ನೂರಕ್ಕೆ ಮೂವತ್ತು ಎಂದರೆ ಒಳಗೆ ಹೋಗುವ ಕರೆಂಟು ಹತ್ತು ಲಕ್ಷ ಜೂಲ್, ಅಂದರೆ ಕಾಲು ಯೂನಿಟಿಗಿಂತ ಸ್ವಲ್ಪ ಹೆಚ್ಚು. ನಮ್ಮ ಬಿಲ್ಲಿನಲ್ಲಿ ಎರಡು ಮೂರು ರೂಪಾಯಿ. ಒಂದು ಸಲ ಹಾಯಿಸಲು ಒಂದೆರಡು ಲೀಟರ್ ಪೆಟ್ರೋಲಿನ ಖರ್ಚು ಎಂದು ಡಿಆರ್‌ಡಿಒ ಹೇಳಿದ್ದು, ತನ್ನ ಡ್ರ್ಯಾಗನ್‌ಫೈರ್ ಲೇಸರಿಗೆ ಸಾಮಾನ್ಯವಾಗಿ 10 ಪೌಂಡಿಗಿಂತ ಕಡಿಮೆ ಎಂದು ಬ್ರಿಟನ್ ಹೇಳಿದ್ದು ಎರಡೂ ಉತ್ಪ್ರೇಕ್ಷೆಯಲ್ಲ. ಆದರೆ ಆ ಹತ್ತು ಸೆಕೆಂಡು ಬೇಕಾಗುವುದು ಒಂದೇ ಸಮನೆ 100 ಕಿಲೋವ್ಯಾಟ್: ಹೂಮಳೆ ಬಾರದ ವರ್ಷ ಹೊಳೆ ದಡದಲ್ಲಿ ಹದಿಮೂರು 10 ಎಚ್‌ಪಿ ಪಂಪುಗಳನ್ನು ಒಟ್ಟಿಗೆ ಓಡಿಸಿದಷ್ಟು. ಅದರಲ್ಲಿ 70 ಕಿಲೋವ್ಯಾಟ್ ಬರೀ ಬಿಸಿಯಾಗಿ ಒಳಗೇ ಉಳಿಯುತ್ತದೆ, ಹತ್ತು ಸೆಕೆಂಡಿಗೆ ಎರಡು ಲೀಟರ್ ನೀರು ಕುದಿಯುವಷ್ಟು. ಆ ಬಿಸಿ ಹೊರಗೆ ಹೋಗದಿದ್ದರೆ ಡಯೋಡಿನ ಬಣ್ಣ ಜಾರುತ್ತದೆ, ಕಿರಣ ಸೊರಗುತ್ತದೆ. ಲಾರಿಯ ಮೇಲೆ ಲೇಸರಿಗಿಂತ ಹೆಚ್ಚು ಜಾಗ ಹಿಡಿಯುವುದು ಜನರೇಟರ್, ಬ್ಯಾಟರಿ, ತಂಪು ಮಾಡುವ ಚಿಲ್ಲರ್. ಒಂದು ಹೊಡೆತ ಅಗ್ಗ, ಯಂತ್ರ ದುಬಾರಿ, ಅದನ್ನು ಸದಾ ಸಜ್ಜಾಗಿಡುವುದು ಇನ್ನೂ ದುಬಾರಿ. ಅಮೆರಿಕ ಬೋಯಿಂಗ್ 747ರ ಮೂತಿಗೆ ರಾಸಾಯನಿಕ ಲೇಸರ್ ಕೂರಿಸಿ 2010ರ ಫೆಬ್ರವರಿಯಲ್ಲಿ ಬ್ಯಾಲಿಸ್ಟಿಕ್ ಕ್ಷಿಪಣಿಯೊಂದನ್ನು ಮೇಲೇರುವಾಗಲೇ ಒಡೆದು ತೋರಿಸಿತು. ಆದರೂ 2011ರ ಕೊನೆಗೆ ಯೋಜನೆಯನ್ನೇ ಮುಚ್ಚಿತು. ಪರೀಕ್ಷೆಯಲ್ಲಿ ಗೆಲ್ಲುವುದು ಬೇರೆ, ದಳಕ್ಕೆ ಕೊಡುವುದು ಬೇರೆ.

ಮೈಕ್ರೋವೇವ್ ಅಸ್ತ್ರದ ಗುಣ ಇದಕ್ಕೆ ತದ್ವಿರುದ್ಧ. ಅದು ಚುಕ್ಕೆಯಲ್ಲ, ಟಾರ್ಚಿನ ಬೆಳಕಿನಂತೆ ಹರಡುವ ಶಂಕು. ಅದರೊಳಗೆ ಬಂದ ಎಲ್ಲ ಡ್ರೋನ್‌ಗಳ ಎಲೆಕ್ಟ್ರಾನಿಕ್ಸ್‌ಗೂ ಏಕಕಾಲಕ್ಕೆ ತಗುಲುತ್ತದೆ. ಗುಂಪಾಗಿ ಬರುವುದಕ್ಕೆ ಮದ್ದು ಇದೇ. ಒಳನುಗ್ಗಲು ಎರಡು ಬಾಗಿಲು: ಒಂದು ಡ್ರೋನಿನ ಆಂಟೆನಾ, ಇನ್ನೊಂದು ಅದರ ವೈರು, ಪೆಟ್ಟಿಗೆಯ ಸಂದು. ಮೋಟಾರಿಗೆ ಹೋಗುವ ಒಂದು ಗೇಣು ವೈರೇ ಆಂಟೆನಾ ಆಗಿಬಿಡುತ್ತದೆ. ಪೆಟ್ಟು ಹಗುರವಾದರೆ ಚಿಪ್ ಗಲಿಬಿಲಿಗೊಂಡು ಮತ್ತೆ ಶುರುವಾಗುತ್ತದೆ, ಜೋರಾದರೆ ಒಳಗಿನ ಸಂಧಿಗಳು ಸುಡುತ್ತವೆ. ದೋಷವೂ ಅಲ್ಲೇ ಇದೆ. ದೂರ ಎರಡರಷ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಡ್ರೋನ್ ನಿಜಕ್ಕೂ ಸತ್ತಿತೆ, ಸುಮ್ಮನೆ ತತ್ತರಿಸಿತೆ ಎಂದು ನೆಲದಿಂದ ಹೇಳುವುದು ಕಷ್ಟ. ಶಂಕುವಿನೊಳಗೆ ಸ್ವಂತ ಪಡೆಯ ರೇಡಿಯೋ ಇದ್ದರೆ ಅದಕ್ಕೂ ರಿಯಾಯಿತಿ ಇಲ್ಲ.

ಇದರ ಸುತ್ತ ಹಬ್ಬಿರುವ ಕತೆಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ. ಒಂದು, ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ 'ಕಾಳಿ' ಯಂತ್ರದಿಂದ 2012ರಲ್ಲಿ ಸಿಯಾಚಿನ್ ಬಳಿಯ ಗಯಾರಿಯಲ್ಲಿ ಹಿಮಪಾತ ಮಾಡಿಸಿದರು ಎಂಬುದು. ಕಾಳಿ ಎಂದರೆ ಎಲೆಕ್ಟ್ರಾನ್‌ಗಳನ್ನು ಕ್ಷಣಮಾತ್ರ ನೂಕುವ ವೇಗವರ್ಧಕ. 40 ಗಿಗಾವ್ಯಾಟ್ ಎಂಬ ಅಂಕಿ ಭಯ ಹುಟ್ಟಿಸುತ್ತದೆ ನಿಜ. ಆದರೆ ಅದು ಇರುವುದು ಸುಮಾರು 100 ನ್ಯಾನೊಸೆಕೆಂಡು. ಗುಣಿಸಿದರೆ 4,000 ಜೂಲ್: ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲೂ ಸ್ವಲ್ಪ ಸಾಲದು. ಇನ್ನೊಂದು, 2020ರಲ್ಲಿ ಲಡಾಖ್‌ನಲ್ಲಿ ಚೀನಾ ಮೈಕ್ರೋವೇವ್ ಬಿಟ್ಟು ನಮ್ಮ ಸೈನಿಕರನ್ನು ಬೆಟ್ಟದಿಂದ ಇಳಿಸಿತು ಎಂದು ಬೀಜಿಂಗಿನ ಪ್ರಾಧ್ಯಾಪಕರೊಬ್ಬರು ಹೇಳಿದ್ದು. ನಮ್ಮ ಸೇನೆ ಅದನ್ನು ಆಧಾರವಿಲ್ಲದ ಸುಳ್ಳು ಎಂದು ಬಹಿರಂಗವಾಗಿಯೇ ತಳ್ಳಿಹಾಕಿತು. ಮನುಷ್ಯರ ಮೇಲೆ ಬಳಸಲೆಂದು ಮಾಡಿದ ಯಂತ್ರ ಅಮೆರಿಕದ ಬಳಿ ಇರುವುದು ಮಾತ್ರ ನಿಜ. ಅದರ 95 ಗಿಗಾಹರ್ಟ್ಸ್ ಅಲೆ ಚರ್ಮದ 0.4 ಮಿ.ಮೀ. ಆಳಕ್ಕಷ್ಟೇ ಇಳಿದು, ಕಾದ ಕಾವಲಿ ಮುಟ್ಟಿದಂಥ ಉರಿ ಹುಟ್ಟಿಸುತ್ತದೆ. 2010ರಲ್ಲಿ ಅಫ್ಘಾನಿಸ್ತಾನಕ್ಕೆ ಕಳಿಸಿ, ಒಮ್ಮೆಯೂ ಬಳಸದೆ ವಾಪಸ್ ತರಿಸಿಕೊಂಡರು.

ನಿಮ್ಮ ಡ್ರೋನಿನ ಬಗ್ಗೆ. ಹಾಸನದಲ್ಲಿ ಅದನ್ನು ಯಾರೂ ಲೇಸರಿನಿಂದ ಸುಡಲು ಕಾದು ಕೂತಿಲ್ಲ. ಬಿಇಎಲ್ ತಯಾರಿಸುವ ಡ್ರೋನ್ ನಿರೋಧಕ ವ್ಯವಸ್ಥೆಯಲ್ಲಿ ಸುಮಾರು ಒಂದು ಕಿ.ಮೀ. ಒಳಗೆ ಕೆಲಸ ಮಾಡುವ 2 ಕಿಲೋವ್ಯಾಟ್ ಲೇಸರ್ ಇರುವುದು ಹೌದು. ಆದರೆ ಅಂಥ ವ್ಯವಸ್ಥೆ ಮೊದಲು ರೇಡಾರ್ ಮತ್ತು ರೇಡಿಯೋದಿಂದ ಪತ್ತೆಹಚ್ಚುತ್ತದೆ, ಕ್ಯಾಮೆರಾದಲ್ಲಿ ಗುರುತಿಸುತ್ತದೆ, ಆಮೇಲೆ ಜಾಮ್ ಮಾಡುತ್ತದೆ, ಸುಡುವುದು ಕೊನೆಗೆ. ನಿಮಗೆ ಎದುರಾಗಬಹುದಾದದ್ದು ಜಾಮರ್: ಗಣ್ಯರ ಕಾರ್ಯಕ್ರಮ, ಮಹತ್ವದ ಸ್ಥಾವರದ ಆಸುಪಾಸಿನಲ್ಲಿ. ರಿಮೋಟಿನ ಸಂಪರ್ಕ ಮಾತ್ರ ಕಡಿದರೆ ಡ್ರೋನ್ ಹೊರಟ ಜಾಗಕ್ಕೆ ತಾನೇ ಮರಳುತ್ತದೆ. ಹಿಂತಿರುಗುವ ಎತ್ತರವನ್ನು ಕಾರ್ಖಾನೆಯ ಅಂಕಿಯಲ್ಲೇ ಬಿಟ್ಟಿದ್ದರೆ ನೇರ ಹೋಗಿ ಸಿಲ್ವರ್ ಓಕ್‌ಗೆ ಬಡಿಯುತ್ತದೆ. ಪ್ರತಿ ಹೊಲದಲ್ಲೂ ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಹತ್ತು ಮೀಟರ್ ಹೆಚ್ಚಿಗೆ ಇಡಿ. ಜಿಪಿಎಸ್ಸನ್ನೂ ಜಾಮ್ ಮಾಡಿದರೆ ಅದಕ್ಕೆ ಮನೆ ಯಾವುದೆಂದೇ ತಿಳಿಯದು, ಗಾಳಿ ಬೀಸಿದತ್ತ ತೇಲುತ್ತದೆ. ಆಗ ರಿಮೋಟಿನ ಮಾತು ಇನ್ನೂ ಕೇಳುತ್ತಿದ್ದರೆ ಎಳೆದಾಡದೆ ನೇರ ಕೆಳಗಿಳಿಸಬೇಕು. 10 ಲೀಟರ್ ಔಷಧಿ ಹೊತ್ತ ಯಂತ್ರ ಜನರ ಮೇಲೆ ಬೀಳುವುದು ಸಣ್ಣ ವಿಷಯವಲ್ಲ.

2021ರ ಡ್ರೋನ್ ನಿಯಮದ ಪ್ರಕಾರ ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ನೋಡುವುದು ನಿಮ್ಮ ಹೊಣೆ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ, ಹಳದಿಗೆ ವಾಯು ಸಂಚಾರ ನಿಯಂತ್ರಣದ ಒಪ್ಪಿಗೆ, ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಎಂಸಿಎಫ್ ಆಸುಪಾಸಿನ ಹೊಲಕ್ಕೆ ಕರೆ ಬಂದರೆ ನಕ್ಷೆ ನೋಡಿಯೇ ಒಪ್ಪಿಕೊಳ್ಳಿ. ನೋಂದಣಿ ಸಂಖ್ಯೆ, ಪೈಲಟ್ ಪ್ರಮಾಣಪತ್ರ, ಆ ದಿನದ ನಕ್ಷೆಯ ಚಿತ್ರ ಫೋನಿನಲ್ಲಿರಲಿ. ತಪ್ಪಾಗಿ ಹೊಡೆದರೆ ಪರಿಹಾರ ಕೇಳಲು ನಿಮಗಿರುವ ಆಧಾರ ಅವೇ.

ಕಾನೂನಿನ ಪ್ರಶ್ನೆಯನ್ನು ನೀವು ಒಂದೇ ಸಾಲಿನಲ್ಲಿ ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಪತ್ರದ ಅತಿ ತೂಕದ ಸಾಲು ಅದು. ಲೇಸರ್ ಬಗ್ಗೆ ನೇರವಾಗಿ ಇರುವ ಅಂತರರಾಷ್ಟ್ರೀಯ ಒಪ್ಪಂದ ಒಂದೇ: ಕುರುಡು ಮಾಡುವ ಲೇಸರ್ ಅಸ್ತ್ರಗಳನ್ನು ನಿಷೇಧಿಸಿ 1995ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಒಪ್ಪಿದ, ಕೆಲವು ಸಾಂಪ್ರದಾಯಿಕ ಅಸ್ತ್ರಗಳ ಒಪ್ಪಂದದ ನಾಲ್ಕನೆಯ ಪ್ರೊಟೊಕಾಲ್ (ಪೂರಕ ಒಪ್ಪಂದ). 1998ರ ಜುಲೈನಲ್ಲಿ ಜಾರಿಗೆ ಬಂತು, ಭಾರತವೂ ಅದಕ್ಕೆ ಬದ್ಧ. ಅಸ್ತ್ರವೊಂದು ಮಾರುಕಟ್ಟೆಗೆ ಬರುವ ಮೊದಲೇ ಬಾಗಿಲು ಹಾಕಿದ ಅಪರೂಪದ ಒಪ್ಪಂದ ಅದು. ಆದರೆ ಅದರ ಅಳತೆ ಕಿರಿದು. ಶಾಶ್ವತ ಕುರುಡುತನ ತರಲೆಂದೇ ರೂಪಿಸಿದ ಅಸ್ತ್ರಕ್ಕೆ ಮಾತ್ರ ನಿಷೇಧ. ಡ್ರೋನ್ ಸುಡುವ ಲೇಸರಿನಿಂದ ಚಿಮ್ಮಿದ ಬೆಳಕು ದಾರಿಹೋಕನ ಕಣ್ಣು ಕಳೆದರೆ ಅದು ನಿಷೇಧದೊಳಗೆ ಬರುವುದಿಲ್ಲ. ಸಾಧ್ಯವಾದ ಎಚ್ಚರಿಕೆ ವಹಿಸಿ ಎಂದಷ್ಟೇ ಇದೆ. ಮೇಲೆ ಅಲ್ಯೂಮಿನಿಯಂ ಬೆಳಕಿನ ಬಹುಪಾಲು ಹಿಂದಕ್ಕೆ ಎರಚುತ್ತದೆ ಎಂದೆನಲ್ಲ, ಆ ಕಾಣದ ಬೆಳಕು ಎಲ್ಲಿಗೆ ಹೋಯಿತು ಎಂದು ಕೇಳುವವರು ಬೇಕು. ಗುರಿ ತಪ್ಪಿದ ಗುಂಡು ಕೆಲವು ಕಿ.ಮೀ. ಹೋಗಿ ಬೀಳುತ್ತದೆ, ತಪ್ಪಿದ ಕಿರಣ ಬೀಳುವುದಿಲ್ಲ. ಹಿಂದಿನ ಆಕಾಶದಲ್ಲಿ ವಿಮಾನವಿದೆಯೆ, ಉಪಗ್ರಹವಿದೆಯೆ ಎಂದು ಮೊದಲೇ ನೋಡಿ ಹಾಯಿಸುವ ಶಿಸ್ತು ಬೇಕು.

ಹೊಸ ಅಸ್ತ್ರವನ್ನು ಯುದ್ಧನಿಯಮಗಳಿಗೆ ಹೋಲಿಸಿ ಮೊದಲೇ ಪರಿಶೀಲಿಸಬೇಕೆಂಬ ಷರತ್ತು 1977ರ ಜಿನೀವಾ ಹೆಚ್ಚುವರಿ ಪ್ರೊಟೊಕಾಲ್‌ನ 36ನೆಯ ವಿಧಿಯಲ್ಲಿದೆ. ಭಾರತ ಆ ಪ್ರೊಟೊಕಾಲ್‌ಗೆ ಸೇರಿಲ್ಲ. ಸೇರದಿದ್ದರೂ ನಮ್ಮದೇ ಪರಿಶೀಲನೆ ಮಾಡಿ, ಕನಿಷ್ಠ ಸಾರಾಂಶವನ್ನಾದರೂ ಸಂಸತ್ತಿನ ಮುಂದಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅಂತರಿಕ್ಷದ 1967ರ ಒಪ್ಪಂದ ಕಕ್ಷೆಯಲ್ಲಿ ಅಣ್ವಸ್ತ್ರವನ್ನು ತಡೆಯುತ್ತದೆ, ಲೇಸರಿನ ಮಾತೆತ್ತುವುದಿಲ್ಲ. ಕ್ಯಾಮೆರಾ ಕುರುಡಾದ ಉಪಗ್ರಹದಲ್ಲಿ ಚೂರೂ ಸಿಡಿಯುವುದಿಲ್ಲ, ಯಾರು ಮಾಡಿದರೆಂದು ತೋರಿಸುವುದು ಕಷ್ಟ. ತಪ್ಪು ದೇಶವನ್ನು ಅನುಮಾನಿಸಿ ಜಗಳ ಬೆಳೆಯುವ ಅಪಾಯ ಇಲ್ಲಿ ನಿಜವಾದದ್ದು. ಇನ್ನು ಡಿಆರ್‌ಡಿಒ ಮಾಹಿತಿ ಹಕ್ಕು ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಆ ದಾರಿಯಲ್ಲಿ ಉತ್ತರ ಸಿಗುವುದಿಲ್ಲ. ಉಳಿದಿರುವುದು ರಕ್ಷಣಾ ಸ್ಥಾಯಿ ಸಮಿತಿ ಮತ್ತು ನಿಮ್ಮ ಸಂಸದರು.

ಅಸ್ತ್ರದ ಗುಟ್ಟನ್ನು ಕೇಳಬೇಕಾಗಿಲ್ಲ, ಕೇಳಲೂಬಾರದು. ಊರಿನ ಮೇಲೆ ಹಾಯಿಸಲು ಅಪ್ಪಣೆ ಕೊಡುವ ಅಧಿಕಾರಿ ಯಾರು, ಕಿರಣಕ್ಕೆ ಕನಿಷ್ಠ ಎಷ್ಟು ಡಿಗ್ರಿ ಎತ್ತರದ ಮಿತಿ ಇದೆ, ಸುಟ್ಟು ಬಿದ್ದ ಡ್ರೋನ್ ಮನೆಯ ಹೆಂಚು ಒಡೆದರೆ ಯಾರು ಕಟ್ಟಿಕೊಡುತ್ತಾರೆ, ಮೈಕ್ರೋವೇವ್ ಶಂಕುವನ್ನು ಆಸ್ಪತ್ರೆಯಿಂದ ಎಷ್ಟು ದೂರ ಇಡುತ್ತಾರೆ. ಇವು ಗುಟ್ಟಲ್ಲ. ಗಡಿಯಲ್ಲಿ, ಹಡಗಿನ ಮೇಲೆ, ವಾಯುನೆಲೆಯಲ್ಲಿ ಈ ಅಸ್ತ್ರಗಳು ನಮಗೆ ಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅಗ್ಗದ ಡ್ರೋನಿಗೆ ದುಬಾರಿ ಕ್ಷಿಪಣಿ ಸುಡುತ್ತ ಹೋದರೆ ಯಾವ ಖಜಾನೆಯೂ ಉಳಿಯುವುದಿಲ್ಲ. ಚರ್ಮಕ್ಕೆ ಉರಿ ಹತ್ತಿಸುವ ಯಂತ್ರ ಮಾತ್ರ ನಮ್ಮ ಯಾವ ಊರಿನ ಜನರ ಗುಂಪಿನ ಮುಂದೆಯೂ ನಿಲ್ಲಬಾರದು. ಅದನ್ನು ಖರೀದಿಸಿದ ಮೇಲಲ್ಲ, ಈಗಲೇ ಕಾನೂನಿನಲ್ಲಿ ಬರೆದಿಡಬೇಕು.

ಮಗಳಿಗೆ ಹೇಳಿ: ಈ ಕ್ಷೇತ್ರದಲ್ಲಿ ಬೇಕಾದವರು ಬಿಸಿಯನ್ನು ಸಾಗಿಸಬಲ್ಲವರು, ನೂರು ಕಿಲೋವ್ಯಾಟನ್ನು ಕ್ಷಣದಲ್ಲಿ ಕೊಡುವ ಪವರ್ ಎಲೆಕ್ಟ್ರಾನಿಕ್ಸ್ ಬಲ್ಲವರು, ಗಾಜಿನ ಮೇಲಿನ ಲೇಪ ಬಲ್ಲವರು, ಕದಲುವ ಗುರಿಯ ಮೇಲೆ ಕನ್ನಡಿ ನಿಲ್ಲಿಸುವ ನಿಯಂತ್ರಣ ಗಣಿತ ಬಲ್ಲವರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ದೊಡ್ಡದೇನೂ ಬೇಡ. ಒಂದು ಮಿಲಿವ್ಯಾಟಿಗಿಂತ ಕಡಿಮೆ ಶಕ್ತಿಯ ಕೆಂಪು ಲೇಸರನ್ನು ಕಾಲೇಜಿನ ಉದ್ದದ ಕಾರಿಡಾರಿನಲ್ಲಿ, ಯಾರ ಕಣ್ಣಿನ ಮಟ್ಟಕ್ಕೂ ಬಾರದಂತೆ ಮೊಣಕಾಲಿನ ಎತ್ತರದಲ್ಲಿ ಕಟ್ಟಿ, ಆಚೆ ತುದಿಯಲ್ಲಿ ಒಂದು ಫೋಟೊಡಯೋಡ್ ಇಟ್ಟು, ಬೆಳಗಿನ ಆರು ಗಂಟೆಗೂ ಮಧ್ಯಾಹ್ನದ ಎರಡು ಗಂಟೆಗೂ ಚುಕ್ಕೆ ಎಷ್ಟು ನಡುಗುತ್ತದೆ ಎಂದು ಒಂದು ತಿಂಗಳು ಬರೆದಿಡಲಿ. ನಿಮ್ಮ ಹಸಿರು ಟಾರ್ಚನ್ನು ಮಾತ್ರ ಅದಕ್ಕೆ ಕೊಡಬೇಡಿ.